ಹದಿನಾಲ್ಕನೇ ಕೋಣೆಯ ಬಕೆಟ್ಟು

ಬಾನೆಟ್ಟಿನ ಮೇಲೆ ಅಂಗೈ ಇಡಬೇಡ, ಹಿಂಗೈ ಇಡು.
ಅಂಗೈ ಜಡ್ಡುಗಟ್ಟಿದೆ, ಸುಳ್ಳು ಹೇಳುತ್ತದೆ.
ಹಿಂಗೈಗೆ ತಣ್ಣಗೆ ತಗುಲಿದರೆ ಮಾತ್ರ ಪೈಪು ಮುಟ್ಟು ಮಾರಾಯ,
ಅಂದವನು ಮೋನಾಕ, ಉಪ್ಪಳದವನು,
ಹತ್ತೊಂಬತ್ತು ವರ್ಷದಿಂದ ಇದೇ ಯಾರ್ಡಿನಲ್ಲಿ.

ಜಾಗದ ಹೆಸರು ಸಜಾ. ಶಾರ್ಜಾದ ಹೊರಗೆ,
ಲಾರಿಗಳು ಮಲಗುವ ಬಯಲು.
ಫೋನಿನಲ್ಲಿ ಹೆಸರು ಹೇಳಿದರೆ ಸಂಡೂರಿನಿಂದ ಅವ್ವ
'ಎಷ್ಟ್ ವರ್ಸದ ಸಜಾ ಹಾಕ್ಯಾರೋ ಯಪ್ಪಾ?'
ಎರಡು, ವೀಸಾ ಇರೋದೇ ಅಷ್ಟು, ಅಂದೆ.
ಇಬ್ಬರೂ ನಕ್ಕೆವು, ಅವಳು ಸ್ವಲ್ಪ ತಡವಾಗಿ.

ಅಲ್ಲಿಯೂ ಇದೇ ಕೆಲಸ. ಅದಿರಿನ ಲಾರಿಯನ್ನು
ಹಳ್ಳಕ್ಕೆ ಇಳಿಸಿ, ಬಕೆಟ್ಟಿನಿಂದ ಎರಚಿ,
ಕೆಂಪು ನೀರು ಮೊಣಕಾಲಿಗೆ ಬಂದರೆ ಮುಗಿಯಿತು.
ಕಲೆಯ ಮಾತು ಯಾರೂ ಎತ್ತಲಿಲ್ಲ.
ಊರೇ ಕೆಂಪಗಿರುವಾಗ ಲಾರಿಯದೇನು ಹೆಚ್ಚುಗಾರಿಕೆ?

ಇಲ್ಲಿಯದು ಕಪ್ಪು. ಅರಬಾಬನ ಹೊಸ ಟ್ರಕ್ಕು,
ಬಗ್ಗಿದರೆ ಹಲ್ಲಿನ ಸಂದು ಕಾಣುವಷ್ಟು ಕಪ್ಪು.
ಮೊದಲ ದಿನ ಹನ್ನೊಂದು ಗಂಟೆಗೆ ನೀರು ಬಿಟ್ಟೆ;
ಕಾದ ಹಂಚಿಗೆ ಚಿಮುಕಿಸಿದಂತೆ ಚುಂಯ್.
ನೀರು ಹೋಯಿತು, ನೀರಿನೊಳಗಿದ್ದದ್ದು ಕೂತಿತು:
ಬಿಳಿ ಬಿಳಿ ಉಂಗುರ, ಸುಣ್ಣದ ಕಾಸು.
ಕಾಸಿಗೆ ಹತ್ತು ದಿರ್ಹಮ್ ಕಡಿತ.
ಮುದೀರ್ ನಲವತ್ತರವರೆಗೆ ಎಣಿಸಿ ಬೇಸತ್ತು ಬಿಟ್ಟ.

ಅಂದಿನಿಂದ ರಾತ್ರಿ ಮೂರಕ್ಕೆ ಎದ್ದೇಳುವುದು.
ಮೇಲಿನಿಂದ ಕೆಳಗೆ, ಒಂದೊಂದೇ ಭಾಗ,
ನೊರೆ ಆರುವ ಮುಂಚೆ ತೊಳೆ,
ಮರಳು ಹಿಡಿದ ಬಟ್ಟೆಯನ್ನು ಎರಡನೇ ಬಕೆಟ್ಟಿಗೆ ಅದ್ದು.
ಪೈಪಿನ ಗನ್ನು ಕಿತ್ತಿಡು. ಸಿಡಿಯುವ ನೀರು ಹನಿಯಾಗುತ್ತದೆ,
ಸುಮ್ಮನೆ ಸುರಿದದ್ದು ಹಾಸಿದ ಪಂಚೆಯಂತೆ ಇಡಿಯಾಗಿ ಇಳಿಯುತ್ತದೆ.
ತಲೆಗೆ ಟವಲು ಕಟ್ಟು, ಬಗ್ಗಬೇಡ,
ಎಲ್ಲಕ್ಕಿಂತ ಕೆಟ್ಟ ಕಲೆ ನಿನ್ನ ಹಣೆಯದು.

ಕಡೆಯ ನೀರು ಮಾತ್ರ ನಲ್ಲಿಯದಲ್ಲ.
ಕ್ಯಾಂಪಿನ ಹಿಂಗೋಡೆಗೆ ಸಾಲು ಎಸಿ,
ಒಂದೊಂದರ ಕೆಳಗೂ ಪೇಂಟಿನ ಡಬ್ಬಿ, ಒಡೆದ ಬಾಲ್ದಿ,
ತೊಟ್, ತೊಟ್.
ಇದರಲ್ಲಿ ಉಪ್ಪಿಲ್ಲ, ಸುಣ್ಣವಿಲ್ಲ, ರುಚಿಯೂ ಇಲ್ಲ ಅಂದ ಮೋನಾಕ.
ಒಣಗಿದರೆ ಬಂದದ್ದೇ ಗೊತ್ತಾಗುವುದಿಲ್ಲ.

ಹಗಲು ದುಡಿದವರು ಒಳಗೆ ಮಲಗಿ ಉಸಿರು ಬಿಡುತ್ತಾರೆ.
ಒಗೆದ ಬನಿಯನ್ನು ಮಂಚದ ಸರಳಿಗೆ ನೇತಾಡುತ್ತದೆ.
ಗೊರಕೆ, ಕನಸಿನಲ್ಲಿ ಆಡಿದ ಬೈಗುಳ,
ಹೆಂಡತಿಯ ಜೊತೆ ಫೋನಿನಲ್ಲಿ ಪಿಸುಗುಟ್ಟಿದ್ದು,
ಎಲ್ಲವೂ ತಣ್ಣನೆಯ ತಗಡಿಗೆ ತಾಗಿ ನೀರಾಗಿ
ಗೋಡೆಯಾಚೆ ನಮ್ಮ ಡಬ್ಬಿಗೆ ಬೀಳುತ್ತದೆ.
ಹದಿನಾಲ್ಕನೇ ಕೋಣೆಯದು ಎಲ್ಲರಿಗಿಂತ ಮೊದಲು ತುಂಬುವ ಬಕೆಟ್ಟು:
ಆರು ಮಂಚ, ಹನ್ನೆರಡು ಜನ, ಅಟ್ಟೆ ಕಟ್ಟುವವರು.

ಟ್ರಕ್ಕಿನ ನೆತ್ತಿಯಿಂದ ಅದನ್ನು ಸುರಿಯುತ್ತೇವೆ.
ಡ್ರೈವರ್ ಖಾಯಿಸ್ತಾ ಗುಲ್ ಸೀಟಿನ ಹಿಂದೆ ಮಲಗಿರುತ್ತಾನೆ,
ಗಾಜು ಒರೆಸುವಾಗ ಅವನ ಪಾದ ಕಾಣುತ್ತದೆ.
ಬಾಂಗಿನ ಹೊತ್ತಿಗೆ ಕಪ್ಪಿನಲ್ಲಿ ದೀಪದ ಕಂಬ ನಿಂತಿರುತ್ತದೆ, ನೆಟ್ಟಗೆ.

ಆಗಸ್ಟಿನ ಒಂದು ರಾತ್ರಿ
ಮೋನಾಕ ಹದಿನಾಲ್ಕರ ಬಕೆಟ್ಟು ಎತ್ತಿದವನು ಹಾಗೇ ನಿಂತ.
ಅರ್ಧವೂ ಇರಲಿಲ್ಲ.
ಕೈಯಲ್ಲೇ ತೂಗಿ, ನಾಲ್ಕೈದು ಜನ ಕಡಿಮೆ, ಅಂದ.
ಎಸಿ ಕೆಟ್ಟಿರಬೇಕು ಅಂದೆ.
ಅವನು ಕಿಟಕಿಗೆ ಕಿವಿಯಿಟ್ಟು, ಇಲ್ಲ, ಅಂದ.

ಬೆಳಿಗ್ಗೆ ಮೆಸ್ಸಿನಲ್ಲಿ ಸುದ್ದಿ: ಕಂಪನಿ ಲೆಕ್ಕ ಮುಗಿಸಿ
ರಾತ್ರಿಯೇ ವ್ಯಾನಿನಲ್ಲಿ ಏರ್‌ಪೋರ್ಟಿಗೆ.
ನಾಲ್ಕೋ ಐದೋ, ಅಡುಗೆಯವನಿಗೂ ಸರಿ ಗೊತ್ತಿಲ್ಲ.
ಚಪ್ಪಲಿ ಎರಡು ಜೊತೆ ಬಾಗಿಲಲ್ಲೇ ಇದ್ದವು.

ಎಡ ಬಾಗಿಲ ಕೆಳಗೆ ಅಂದು ನಲ್ಲಿ ನೀರೇ ಹಾಕಿದ್ದೆವು,
ಒರೆಸಿದ್ದೆವು, ಮತ್ತೆ ಒರೆಸಿದ್ದೆವು.
ಬಿಸಿಲೇರಿದ ಮೇಲೆ ಮುದೀರ್ ಬಗ್ಗಿ ನೋಡಿ
ಉಗುರಿನಿಂದ ಕೆರೆದ.
ಇದೇನು?

ನೀರು ಸಾಲಲಿಲ್ಲ ಸಾರ್,
ಅಂದ ಮೋನಾಕ.