ಎರಡರಿಂದ ಮೂರೂವರೆ

ಮಲಯಾಳದವರು ಎದ್ದುಹೋದ ಕುರ್ಚಿ
ಇನ್ನೂ ಬೆಚ್ಚಗಿರುವಾಗ ನಾವು ಕೂರುತ್ತೇವೆ.
ನಾವೆದ್ದ ಮೇಲೆ ಇಥಿಯೋಪಿಯದವರು.
ಕುವೈತಿನ ಶುಕ್ರವಾರ, ಒಂದೇ ಕೋಣೆ,
ಕರ್ತನಿಗೂ ಇಲ್ಲಿ ಪಾಳಿಯ ಕೆಲಸ.

ತೊಟ್ಟಿಕ್ಕುವ ಏಸಿಯ ಕೆಳಗೊಂದು ಬಕೆಟ್ಟು.
ತುಂಬಿದಾಗ ಅದನ್ನು ಯಾರು ಚೆಲ್ಲಿ ಬರುತ್ತಾರೆಂದು
ಒಂಬತ್ತು ವರ್ಷದಿಂದ ಸಭೆಯ ಕಾರ್ಯದರ್ಶಿ ನಾನು,
ನನಗೆ ಗೊತ್ತಿರಲಿಲ್ಲ.

ನವೆಂಬರಿನಲ್ಲಿ ಬೆಳೆಹಬ್ಬ.
ಏನೂ ಬೆಳೆಯದ ನೆಲದಲ್ಲಿ ಎಂಥ ಬೆಳೆ, ಕೇಳಬೇಡಿ.
ಶುವೈಖ್ ಮಂಡಿಯ ಇರಾನಿ ಬದನೆ, ಜೋರ್ಡಾನಿನ ಸೌತೆ,
ಮುಲ್ಕಿಯಿಂದ ಸೂಟ್‌ಕೇಸಿನಲ್ಲಿ ಬಂದ ಎರಡು ಕಿಲೋ ಕುಚ್ಚಲಕ್ಕಿ,
ತೊಟ್ಟಿಲ ಕೂಸಿನಷ್ಟು ದೊಡ್ಡದೊಂದು ಕುಂಬಳ.
ಮತ್ತೆ, ತಿಂಗಳಿಗೆ ಒಂದೇ ಶುಕ್ರವಾರ ರಜೆಯಿರುವ ರಾಹೇಲಮ್ಮ
ಮೇಡಮ್ಮನ ಅಂಗಳದ ಮರದಿಂದ
ಕೇಳಿಯೇ ಕಿತ್ತು, ಕರವಸ್ತ್ರದಲ್ಲಿ ಕಟ್ಟಿ ತಂದ
ಮೂರು ನಿಂಬೆ.

ಹರಾಜು ಕೂಗುವವ ನಾನೇ.
ಸಾಲಿನ್ಸರಿಗೂ ಕರ್ಕಡರಿಗೂ ಹನ್ನೊಂದು ತಿಂಗಳಿಂದ ಮಾತಿಲ್ಲ.
ಕ್ರಿಸ್ಮಸ್ ಕೇಕಿನ ಲೆಕ್ಕ, ಏಳು ದಿನಾರ್ ಚಿಲ್ಲರೆ.
ಅದು ಗೊತ್ತಿದ್ದೇ ಕೂಗಿದೆ,
"ಐದು! ಆರು ಯಾರು? ಏನು ಕರ್ಕಡರೇ, ಕೈ ಏಳುವುದಿಲ್ಲವೋ?"
ಸಭೆ ನಕ್ಕಿತು. ಹದಿನೈದು. ಇಪ್ಪತ್ತೆರಡು.
ನಗು ನಿಂತಿತು. ಮೂವತ್ತು.
ನಲವತ್ತೊಂದಕ್ಕೆ ಕುಂಬಳ ಸಾಲಿನ್ಸರದ್ದಾಯಿತು.
ಕಸ ಗುಡಿಸುವವನೊಬ್ಬನ ಅರ್ಧ ತಿಂಗಳ ಸಂಬಳ.
ದಾಖಲೆ ಮೊತ್ತ ಎಂದು ಪುಸ್ತಕದಲ್ಲಿ ಬರೆದು
ಕೆಳಗೆ ಗೆರೆ ಎಳೆದೆ.

ನಿಂಬೆಯನ್ನು ಯಾರೂ ಕೇಳಲಿಲ್ಲ. ಹೊತ್ತಾಗಿತ್ತು.
ಬಟ್ಟೆ ಸಮೇತ ಮೇಜಿನಡಿಗೆ ಸರಿಸಿದ್ದು
ಈ ಕೈಯೇ.

ಹೊರಗೆ ಬಿಸಿಲಲ್ಲಿ ಸಾಲಿನ್ಸರು,
ಸಂಸಾರ ಊರಲ್ಲಿ, ಕೋಣೆಯಲ್ಲಿ ಒಂಟಿ ಒಲೆ,
ಗೆದ್ದದ್ದನ್ನು ಬಗಲಿಂದ ಬಗಲಿಗೆ ಬದಲಿಸುತ್ತ ನಿಂತಿದ್ದರು.
ಬಕೆಟ್ಟು ಚೆಲ್ಲಿ ಬರುತ್ತಿದ್ದ ದಾನಿಯೇಲಪ್ಪ,
ಬೆಟಗೇರಿಯವ, ನೀರಿನ ಟ್ಯಾಂಕರ್ ಓಡಿಸುವವ,
ತುಸು ನಿಂತ.
"ಇಷ್ಟ್ ದೊಡ್ಡದು ಒಬ್ಬರ ಹೆಂಗ ತಿಂತೀರಿ ಸರ?
ಮುಂದಿನ ವಾರ ಎಲ್ಲಾರೂ ಉಣ್ಣೂಣು. ಕೊಡ್ರಿಲ್ಲೆ."

ಮುಂದಿನ ವಾರ ಕಾಂಪೌಂಡಿನ ಹಿಂದಿನ ಅಡುಗೆಮನೆ.
ಸಿಪ್ಪೆ ಕಲ್ಲಿನಂಥದ್ದು, ಚೂರಿ ಜಾರುತ್ತಿತ್ತು.
ಸಾಲಿನ್ಸರು ಹಟ ಹಿಡಿದು ಒತ್ತುತ್ತಿದ್ದರು.
ಕೈ ತೊಳೆಯಲು ಬಂದ ಕರ್ಕಡರು ನಲ್ಲಿ ತಿರುಗಿಸಿದರು,
ನಿಲ್ಲಿಸಿದರು, ಮತ್ತೆ ತಿರುಗಿಸಿದರು.
ದಾನಿಯೇಲಪ್ಪ ಈರುಳ್ಳಿಯಿಂದ ತಲೆ ಎತ್ತಲಿಲ್ಲ.
"ಹಿಡ್ಕೊಳ್ಳಿ."
ಅಷ್ಟೇ. ಅಂದದ್ದು ಯಾರು ಎಂದರೆ
ಇವತ್ತಿಗೂ ಒಬ್ಬರು ಇನ್ನೊಬ್ಬರ ಹೆಸರು ಹೇಳುತ್ತಾರೆ.
ಲಟ್ಟೆಂದು ಬಿರಿಯಿತು. ಒಳಗೆಲ್ಲ ಅರಿಸಿನ ಬಣ್ಣ.

ಪಲ್ಯ ಬೆಂದಾಗ ರುಚಿ ನೋಡಿ ಅವನೆಂದ,
"ಹುಳಿ ಬೇಕಲ್ರಿ ಇದಕ್ಕ."
ನಾನು ಓಡಿದೆ. ಮೇಜಿನಡಿಯಲ್ಲಿ ಗಂಟು ಹಾಗೇ ಇತ್ತು.
ನಿಂಬೆಯ ಮೈ ಸುಕ್ಕಾಗಿತ್ತು, ಒಳಗೆ ರಸವಿತ್ತು.
ಎಪ್ಪತ್ತು ತಟ್ಟೆಗೆ ಮೂರು ನಿಂಬೆ ಸಾಲದು.
ಸಾಕಾಯಿತು ಎಂದು ನಾನು ಸಾಕ್ಷಿ ಹೇಳುವುದಿಲ್ಲ,
ನನ್ನ ತಟ್ಟೆಗೆ ಬಂದದ್ದಷ್ಟೇ ನನಗೆ ಗೊತ್ತು.
ರಾಹೇಲಮ್ಮ ಅಂದು ಇರಲಿಲ್ಲ.
ಅವಳ ರಜೆ ಇನ್ನೂ ಮೂರು ವಾರ ಆಚೆ.
ಕರವಸ್ತ್ರ ಒಗೆದು ಕಿಸೆಯಲ್ಲಿಟ್ಟುಕೊಂಡಿದ್ದೇನೆ,
ಏನು ಹೇಳಿ ಕೊಡಬೇಕೆಂದು ಹೊಳೆಯದೆ.

ಉಂಡು ಏಳುವಾಗ ನಾಲ್ಕು ಗಂಟೆ.
ಬಾಗಿಲಲ್ಲಿ ಬಿಳಿ ಶಾಲು ಹೊದ್ದ ಇಥಿಯೋಪಿಯದ ಹೆಂಗಸರು,
ಅವರ ಅರ್ಧ ತಾಸು ನಾವು ಉಂಡಿದ್ದೆವು.
ಕಾರ್ಯದರ್ಶಿಯ ದನಿಯಲ್ಲಿ ಕ್ಷಮೆ ಕೇಳಲು ಗಂಟಲು ಸರಿಮಾಡಿದೆ.
ಅಷ್ಟರಲ್ಲಿ ದಾನಿಯೇಲಪ್ಪ ತಟ್ಟೆ ಹಿಡಿದು ಅವರ ನಡುವೆ.
ಒಬ್ಬಾಕೆ, ಪಲ್ಯ ಬಾಯಲ್ಲಿಟ್ಟುಕೊಂಡೇ,
ನೆಲ ತೋರಿಸಿ ತನ್ನ ಭಾಷೆಯಲ್ಲಿ ಏನೋ ಅಂದು
ಪೊರಕೆ ನನ್ನ ಕೈಗಿತ್ತಳು.

ಎಲ್ಲಿಂದ ಗುಡಿಸಬೇಕೆಂದು ತಿಳಿಯದೆ
ಸ್ವಲ್ಪ ಹೊತ್ತು ನಿಂತೆ.
ಆಮೇಲೆ ಬಕೆಟ್ಟಿನ ಹತ್ತಿರದಿಂದ
ಶುರುಮಾಡಿದೆ.