ಏಳು ಬುರುಡೆ

ದಾದಿ ಕೊಟ್ಟ ಹಾಳೆಯನ್ನು ಯಾಸ್ನಾ ಓದುತ್ತಿದ್ದಾಳೆ,
ಬಾಯಿಪಾಠ ಒಪ್ಪಿಸುವ ಹಾಗೆ, ಉಸಿರು ಬಿಡದೆ:
ಹಸಿ ಚಿಪ್ಪುಮೀನು ಬೇಡ. ಬೆಕ್ಕಿನ ಹೇಲು ಬಳಿಯುವುದು ಬೇಡ.
ಜ್ವರ ಮೂವತ್ತೆಂಟು ದಾಟಿದರೆ ಬೆಳಗಾಗಲಿ ಎಂದು ಕಾಯಬೇಡಿ.
ಹಲವರು ಒಂದೇ ಪಾತ್ರೆಯಲ್ಲಿ ಕುಡಿಯಬೇಡಿ.

ಅಲ್ಲಿಗೆ ನಿಂತಳು.
ಒಲೆಯೊಳಗೆ ಹಸಿಸೌದೆ ಸುಂಯ್ ಎಂದಿತು.

ಮೂವತ್ತು ವರ್ಷದಿಂದ ಈ ಅಡುಗೆಮನೆಯಲ್ಲಿ
ಯೆರ್ಬಾ ಸೊಪ್ಪಿನ ಕಷಾಯಕ್ಕೆ ಒಂದೇ ಸೋರೆಬುರುಡೆ, ಒಂದೇ ಕೊಳವೆ.
ನನ್ನ ತುಟಿಯಿಂದ ಉಬೆರ್ಲಿಂಡಾಳ ತುಟಿಗೆ, ಅಲ್ಲಿಂದ
ಹಲ್ಲಿಲ್ಲದ ಎರ್ಸಿರಜ್ಜಿಗೆ, ಕ್ಲೊದೊಮಿರೊನ ಮೀಸೆಗೆ.
ಎಂಜಲು ಎನ್ನುವುದು ನಾಯಿ ಮೂಸಿದ್ದಕ್ಕೆ ಮಾತ್ರ ಇದ್ದ ಮಾತು.
ಮದುವೆಯಾಗಿ ಚಿಲೊಯೆ ದ್ವೀಪಕ್ಕೆ ಬಂದ ಮೊದಲ ಸಂಜೆ
ನಾದಿನಿ ಎದುವೀನಾ ತಾನು ಹೀರಿ ನನಗೆ ಕೊಟ್ಟಿದ್ದಳು.
ಕಹಿ. ಮುಖ ಕಿವುಚಿದೆ.
"ಸರಿ, ಇನ್ನು ನೀನು ನಮ್ಮವಳು" ಎಂದಿದ್ದಳು.

ಈ ವಾರ ಯಾರೂ ಬರಿಗೈಯಲ್ಲಿ ಬರಲಿಲ್ಲ.
ಎರ್ಸಿರಜ್ಜಿ ಒಣಗಿಸಿದ ಕಡಲಪಾಚಿ ತಂದು
"ಇದನ್ನೇ ತಿಂದು ನಮ್ಮಕ್ಕ" ಎಂದು ಶುರುಮಾಡಿ
ಕತೆಯ ಕೊನೆ ನೆನಪಾಗಿ ಬಾಯಿ ಮುಚ್ಚಿಕೊಂಡಳು.
ನನ್ನ ಗಂಡ ನೊಲ್ಬೆರ್ತೊ ಅಳುವ ಜಾತಿಯವನಲ್ಲ;
ಮೂರು ದಿನದಿಂದ ತಂಗಿಯ ಬಚ್ಚಲ ಬಾಗಿಲಿಗೆ ಎಣ್ಣೆ ಬಿಡುತ್ತಿದ್ದಾನೆ.
ಅದು ಮೊದಲ ದಿನವೇ ಕಿರುಗುಟ್ಟುವುದನ್ನು ಬಿಟ್ಟಿತ್ತು.
ಔಷಧಿಗೆ ಮೊದಲು ಹುಳುಕು ಹಲ್ಲು ಕೀಳಿಸಿ ಎಂದಾಗ
ಜೊತೆಗೆ ಹೋದವಳು ನಾನು. ಕಾಯುವ ಬೆಂಚಿನಲ್ಲಿ
ಒಂದು ಗಂಟೆ ಮಾತಾಡಿದೆವು, ಬರೀ ಬಿತ್ತನೆ ಆಲೂಗಡ್ಡೆಯ ವಿಷಯ.

ಟೋಪಿಗಳಂತೂ ಒಂಬತ್ತು ಬಂದವು.
ಊರಿಗೆಲ್ಲ ಹೆಣಿಗೆ ಕಲಿಸಿದವಳ ತಲೆಗೆ
ನಾವು ಹೆಣೆದ ಉಣ್ಣೆಟೋಪಿಗಳು.
ಒಂದೊಂದನ್ನೂ ದೀಪಕ್ಕೆ ಹಿಡಿದು ನೋಡಿದಳು.
"ಈ ತೂತಿನಲ್ಲಿ ಕುರಿಯೇ ವಾಪಸು ಹೋಗಬಹುದು."
ಬಿಚ್ಚಿದಳು, ಸುತ್ತಿದಳು, ಉಂಡೆಯನ್ನು ನನ್ನ ಕೈಗೇ ಕೊಟ್ಟಳು.
"ಮತ್ತೆ ಹೆಣಿ. ಕೂದಲು ಉದುರಲು ಎರಡು ವಾರ ಬೇಕಂತೆ."

ಇವತ್ತು ಸಂಜೆ, ಯಾರೂ ಯಾರಿಗೂ ಹೇಳಿರದೆ,
ಒಬ್ಬೊಬ್ಬರ ಕೋಟಿನ ಜೇಬಿನಿಂದ ಒಂದೊಂದು ಬುರುಡೆ ಹೊರಬಂತು.
ಅಮ್ಮನಿಗೆಂದು ಯಾಸ್ನಾ ಕೊಂಡದ್ದೂ ಸೇರಿ ಮೇಜಿನ ಮೇಲೆ ಏಳು,
ಸಂತೆಯಲ್ಲಿ ಅಂಗಡಿ ಹರವಿದ ಹಾಗೆ.
ಏನು ಹೇಳುವುದೆಂದು ತೋಚದೆ ಕ್ಲೊದೊಮಿರೊ,
ಫೆರಿಯಲ್ಲಿ ಟಿಕೆಟು ಹರಿಯುವವನು,
ಮೊನ್ನೆ ತಿಮಿಂಗಿಲವೊಂದು ತನಗೆ ಚಿಲ್ಲರೆ ಕೇಳಿತೆಂದ.
"ಇವನು ಬಿಟ್ಟ ಬುರುಡೆ ಎಂಟನೆಯದು" ಎಂದಳು ಎದುವೀನಾ.
ತನ್ನ ದಪ್ಪ ಜಡೆಯನ್ನು ಹಿಂದಕ್ಕೆಸೆದು ನೆತ್ತಿ ತಟ್ಟಿಕೊಂಡಳು:
"ಒಂಬತ್ತನೆಯದು ಮುಂದಿನ ತಿಂಗಳು."

ನಕ್ಕೆವು. ಹದಿನಾರರ ಯಾಸ್ನಾ ನಗಲಿಲ್ಲ.
ಹೊಸ ಥರ್ಮಾಮೀಟರಿನ ಡಬ್ಬಿ ಒಡೆದು
"ಎಲ್ಲರೂ ಓದುವುದನ್ನು ಕಲಿಯಬೇಕು" ಎಂದಳು.
ಸ್ಪಿರಿಟ್ಟಿನಲ್ಲಿ ಒರೆಸಿ ಒರೆಸಿ ಒಬ್ಬೊಬ್ಬರ ಕಂಕುಳಿಗೆ ಸಿಕ್ಕಿಸಿದಳು,
ಕ್ಯಾಲೆಂಡರಿನ ಅಂಚಿನಲ್ಲಿ ಬರೆದಳು.
ಅಜ್ಜಿ ಮೂವತ್ತಾರು. ಉಬೆರ್ಲಿಂಡಾ ಮೂವತ್ತಾರೂವರೆ.
ನಾನು, ನೊಲ್ಬೆರ್ತೊ, ಅದೇ ಆಸುಪಾಸು.
ಕೊನೆಗೆ ಅಮ್ಮ. ಮೂವತ್ತಾರೂವರೆ.
ಯಾಸ್ನಾ ಎರಡು ಸಲ ನೋಡಿದಳು.
"ನಮ್ಮೆಲ್ಲರ ಹಾಗೇ ಇದೆ" ಎಂದಳು,
ಯಾರ ಮೇಲೋ ದೂರು ಹೇಳುವ ದನಿಯಲ್ಲಿ.

ಬೆಳಗ್ಗೆ ಐದರ ಫೆರಿ. ಕಾರಿನಲ್ಲಿ ನಾಲ್ಕು ಸೀಟು.
ಒಂದು ಅವಳಿಗೆ. ಉಳಿದ ಮೂರಕ್ಕೆ ಐದು ಜನ;
ಕ್ಲೊದೊಮಿರೊ ಹೇಗೂ ಫೆರಿಯಲ್ಲೇ ಇರುತ್ತಾನೆ.
ಒಳಗೆ ಜಗಳ ಇನ್ನೂ ಮುಗಿದಿಲ್ಲ,
ಎಲ್ಲರಿಗಿಂತ ಜೋರು ದನಿ ಅವಳದೇ.

ಹಳೆಯ ಬುರುಡೆಯನ್ನು ತೊಳೆದು
ಕಿಟಕಿಯಲ್ಲಿ ಬೋರಲು ಹಾಕಿದ್ದೇನೆ.
ಒದ್ದೆ ಬಿಟ್ಟರೆ ಬೂಷ್ಟು ಹಿಡಿಯುತ್ತದೆ.
ಬೇಕಾಗುತ್ತದೆ.