ಹರಿಯುವುದು

ಕಲಬುರಗಿ ಗಂಜಿನೊಳಗೆ, ದಾಲ್‌ಮಿಲ್ಲಿನ ಗೋಡೆಗೆ ಬೆನ್ನು ಹಚ್ಚಿ
ಲಾಡ್ಲೇಸಾಬರ ಮೋಟರ್ ವೈಂಡಿಂಗ್ ಅಂಗಡಿ.
ಬೋರ್ಡಿನ ಮೇಲೆಲ್ಲ ತೊಗರಿಯ ಹಳದಿ ಧೂಳು,
ಹೆಸರಿನ ‘ಲಾ’ ಮಾತ್ರ ಓದಲಿಕ್ಕೆ ಬರುತ್ತದೆ.

‘ಎರಡು ಸುರುಳಿ ಬೇಕ್ರಿ,
ಒಂದು ಈ ಕಡೆ ಸುತ್ತಿದ್ದು, ಒಂದು ಆ ಕಡೆ.’
ಕನ್ನಡಕ ಹಣೆಗೇರಿಸಿ ನೋಡಿದರು:
‘ಒಂದಕ್ಕೊಂದು ಉಲ್ಟಾ? ಜಗಳಾ ಹಚ್ಚತೀರೇನು ಬಾಯಾರ?’

ಹೌದು, ಜಗಳವೇ.
ಯೂನಿವರ್ಸಿಟಿಯ ಲ್ಯಾಬಿನಲ್ಲಿ ಒಂದು ಗಾಜಿನ ಕೊಳವೆ,
ಗಾಳಿ ಹೀರಿ, ಚೂರು ಆರ್ಗಾನ್ ಬಿಟ್ಟು
ಕರೆಂಟು ಕೊಟ್ಟರೆ ನೇರಳೆಗೆ ತಿರುಗುತ್ತದೆ.
ಎಲೆಕ್ಟ್ರಾನು ಒಂದು ಕಡೆ, ಉಳಿದದ್ದು ಒಂದು ಕಡೆ.
ಅದರೊಳಗಿನ ಕಾಂತರೇಖೆಗಳು
ಬೆಲ್ಲದ ಪಾಕಕ್ಕೆ ಬಿದ್ದ ಕೂದಲು:
ಪಾಕ ಹರಿದತ್ತ ಕೂದಲು, ಕೂದಲು ಎಳೆದತ್ತ ಪಾಕ.

ಎದುರುಬದುರು ದಿಕ್ಕಿನ ಎರಡು ಕಟ್ಟು ರೇಖೆ
ಒತ್ತುತ್ತ ಒತ್ತುತ್ತ ಹತ್ತಿರ ತಂದರೆ
ನಡುವೆ ಬರೀ ಕರೆಂಟಿನದೊಂದು ಹಾಳೆ,
ಬಡಿದಷ್ಟೂ ತೆಳ್ಳಗಾಗುವ ಜೋಳದ ರೊಟ್ಟಿ.
ಏನೂ ಆಗುವುದಿಲ್ಲ.
ಇನ್ನೂ ಏನೂ ಆಗುವುದಿಲ್ಲ.
ಆಮೇಲೆ ಎಲ್ಲೋ, ಸಾಸಿವೆಯಷ್ಟು ಜಾಗದಲ್ಲಿ
ಎಲೆಕ್ಟ್ರಾನುಗಳು ತಮ್ಮ ರೇಖೆಯ ಕೈ ಬಿಡುತ್ತವೆ.
ಈ ಕಡೆಯ ಅರ್ಧ, ಆ ಕಡೆಯ ಅರ್ಧ
ಇದ್ದಕ್ಕಿದ್ದಂತೆ ಬೀಗರು.
ಬಾಗಿದ ಹೊಸ ರೇಖೆ ಕವಣೆಯ ಹಗ್ಗದಂತೆ ಚಿಮ್ಮಿ
ಸೂರ್ಯನ ಮೇಲಾದರೆ ಭೂಮಿಗಿಂತ ದೊಡ್ಡ ಬೆಂಕಿ ಒಗೆಯುತ್ತದೆ.
ನನ್ನ ಲ್ಯಾಬಿನಲ್ಲಿ, ಪರದೆಯ ಗೆರೆ ಒಮ್ಮೆ ಬೆದರುತ್ತದೆ.

ತಾಮ್ರದ ತಂತಿ ಬೆರಳಲ್ಲಿ ಸವರುತ್ತ ಕೇಳಿದರು:
‘ಮೊದಲು ಹರಿಯೋದು ಎಲ್ಲಿ?’
ಗೊತ್ತಿಲ್ಲ ಅಂದೆ.
ಹದಿನಾಲ್ಕು ವರ್ಷದಿಂದ ಗೊತ್ತಿಲ್ಲ.

‘ನಂದೂ ಅಷ್ಟೇರಿ. ಮೂವತ್ತು ವರ್ಷ
ಸುಟ್ಟ ಮೋಟರ್ ಬಿಚ್ಚೀನಿ.
ವಾರ್ನಿಷ್ ಎಲ್ಲೋ ಒಂದ್ ಕಡಿ ತೆಳ್ಳಗಾಗಿರ್ತದ,
ಎರಡು ಸುತ್ತು ಮುಟ್ಟಿಕೊಂಡಿರ್ತಾವ.
ಆ ಜಾಗಾ ಹುಡುಕಬೇಕಂದ್ರ
ಆ ಜಾಗಾನೇ ಮೊದಲು ಸುಟ್ಟು ಹೋಗಿರ್ತದ.
ನಮ್ಮ ಪಾಲಿಗೆ ಬರೋದು ವಾಸನಿ.’

ಸಿಟಿ ಬಸ್ಸಿನಲ್ಲಿ, ಮಡಿಲಲ್ಲಿ ಸುರುಳಿ ಇಟ್ಟುಕೊಂಡು,
ಆ ಒಂದು ಮಾತನ್ನೇ ತಿರುವಿ ಹಾಕಿದೆ.
ಭೀಮೆ ಹರಿಯುತ್ತಾಳೆ.
ಸೀರೆಯ ಸೆರಗು ಮೊಳೆಗೆ ಸಿಕ್ಕು ಹರಿಯುತ್ತದೆ.
ಬೆಳಗೂ ಹರಿಯುತ್ತದೆ, ಇರುವೆಯೂ ಹರಿಯುತ್ತದೆ.
ಹರಿಯುತ್ತಲೇ ಹರಿಯುವ ಈ ಹಾಳೆಗೆ
ಬೇರೆ ಕ್ರಿಯಾಪದ ಎಲ್ಲಿಂದ ತರಲಿ?
ಲೆಕ್ಕ ಮಾತ್ರ ಬಗೆಹರಿಯುವುದಿಲ್ಲ.

ಶನಿವಾರ ರಾತ್ರಿ ಕೂಡಿಸಿದೆ.
ಪರದೆಯ ಮೇಲೆ ಗೆರೆ ಸಪಾಟು, ಸಪಾಟು, ಸಪಾಟು.
ಸುರುಳಿಗೆ ಹತ್ತಿದ್ದ ತೊಗರಿ ಧೂಳು ಮೂಗಿಗೇರಿ
ಒಂದು ಸೀನು.
ಕಣ್ಣು ತೆರೆದಾಗ ಗೆರೆ ಆಗಲೇ ಗುಡ್ಡ ಹತ್ತಿ ಇಳಿದಿತ್ತು.

ಕೊಳವೆಯಲ್ಲಿ ನೇರಳೆ ಬೆಳಕು, ಏನೂ ಅರಿಯದಂತೆ.
ಪರ್ಸಿನಿಂದ ಚೀಟಿ ತೆಗೆದೆ, ಲಾಡ್ಲೇಸಾಬರ ಅಕ್ಷರ:
ಸುರುಳಿ ಎರಡು, ಒಂಬೈನೂರು ರೂಪಾಯಿ.
ಹರಿದರೆ ಗ್ಯಾರಂಟಿ ಇಲ್ಲ.